ಒಂದು ಬ್ಯಾಂಕ್ ಬಿಟ್ಟು ಇನ್ನೊಂದಕ್ಕೆ: ಕೌಂಟರ್‌ನಲ್ಲಿ ಕೂತವರಿಗೆ ಒಂದು ಮಾರ್ಗದರ್ಶಿ

"ಹುಡುಗ ಬ್ಯಾಂಕ್‌ನಲ್ಲಿದ್ದಾನೆ" ಅಂದರೆ ನಮ್ಮ ಮೈಸೂರು, ಮಂಡ್ಯ ಕಡೆ ನೆಂಟರಿಗೆ ಅಷ್ಟು ಸಾಕು. ಯಾವ ಬ್ಯಾಂಕು, ಯಾವ ಸೀಟು ಅಂತ ಯಾರೂ ಜಾಸ್ತಿ ಕೇಳುವುದಿಲ್ಲ. ಒಳಗಿರುವವರಿಗೆ ಮಾತ್ರ ಗೊತ್ತು, ಸರ್ಕಾರಿ ಬ್ಯಾಂಕಿನ ಕ್ಲರ್ಕ್, ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್, ಖಾಸಗಿ ಬ್ಯಾಂಕಿನ ಟೆಲ್ಲರ್, ಬೈಕ್ ಮೇಲೆ ಸುತ್ತಿ ಖಾತೆ ತೆರೆಸುವ ಸೇಲ್ಸ್ ಆಫೀಸರ್, ಇವರೆಲ್ಲರ ಬದುಕು ಬೇರೆ ಬೇರೆ. ಒಂದೆರಡು ವರ್ಷ ಕಳೆಯುತ್ತಿದ್ದಂತೆ ಇವರಲ್ಲಿ ಬಹಳ ಜನಕ್ಕೆ ಬೇರೆ ಬ್ಯಾಂಕ್ ನೋಡೋಣ ಅನ್ನಿಸುತ್ತದೆ. ತಪ್ಪೇನಿಲ್ಲ. ಆದರೆ ಸುಮ್ನೆ ಬೋರ್ಡ್ ಬದಲಾಯಿಸುವುದಕ್ಕೆ ಕೆಲಸ ಬಿಡಬೇಡಿ. ಮಾಡುವ ಕೆಲಸವೋ, ಇರುವ ಊರೋ, ಹುದ್ದೆಯೋ, ಇವುಗಳಲ್ಲಿ ಒಂದಾದರೂ ನಿಜವಾಗಿ ಬದಲಾಗಬೇಕು. ಈ ಲೇಖನದ ಪ್ರತಿ ಹೆಜ್ಜೆಯಲ್ಲೂ ನಾನು ಅಳೆಯುವುದು ಇದನ್ನೇ.

ಹೆಜ್ಜೆ 1: ನಿಮ್ಮ ಸ್ಯಾಲರಿ ಸ್ಲಿಪ್ ತೆಗೆದು ಓದಿ

ಪಾಂಡವಪುರ ಕಡೆಯ ಹುಡುಗನೊಬ್ಬ ಮಂಡ್ಯದ ಖಾಸಗಿ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದ. ಕೊರಳಲ್ಲಿ ಬ್ಯಾಂಕಿನ ಬಣ್ಣದ ಟ್ಯಾಗು, ವಿಸಿಟಿಂಗ್ ಕಾರ್ಡ್ ಮೇಲೆ ಬ್ಯಾಂಕಿನ ಹೆಸರು. "ನನಗೆ ಬ್ಯಾಂಕಿಂಗ್ ಎಕ್ಸ್‌ಪೀರಿಯನ್ಸ್ ಇದೆ ಸಾರ್, ಬೇರೆ ಕಡೆ ಸಿಗುತ್ತೆ ಅಲ್ವಾ" ಅಂತ ಕೇಳಿದ. ಸ್ಯಾಲರಿ ಸ್ಲಿಪ್ ತೋರಿಸು ಅಂದೆ. ಮೇಲ್ಗಡೆ ದಪ್ಪ ಅಕ್ಷರದಲ್ಲಿ ಬೆಂಗಳೂರಿನ ಒಂದು ಮ್ಯಾನ್‌ಪವರ್ ಕಂಪನಿ ಹೆಸರಿತ್ತು. ಬ್ಯಾಂಕಿನ ಹೆಸರು ಕೆಳಗೆಲ್ಲೋ, 'ಕ್ಲೈಂಟ್' ಅನ್ನುವ ಕಾಲಮ್ಮಿನಲ್ಲಿ, ಕಣ್ಣು ಕಿರಿದು ಮಾಡಿದರೆ ಕಾಣುವಷ್ಟು ಸಣ್ಣದಾಗಿ ಇತ್ತು.

ಇದೇ ಆಫ್ ರೋಲ್. ಕೆಲಸ ಬ್ಯಾಂಕಿನದು, ಉದ್ಯೋಗಿ ಏಜೆನ್ಸಿಯವನು. ಮುಂದಿನ ಬ್ಯಾಂಕಿನ ಎಚ್‌ಆರ್ ಬ್ಯಾಕ್‌ಗ್ರೌಂಡ್ ವೆರಿಫಿಕೇಷನ್ ಮಾಡಿಸುವಾಗ ಫೋನು ಹೋಗುವುದು ಏಜೆನ್ಸಿಗೆ. ಅರ್ಜಿಯಲ್ಲಿ ನೀವು ಬ್ಯಾಂಕಿನ ಹೆಸರು ಬರೆದಿದ್ದರೆ ಸುಳ್ಳು ಹೇಳಿದ ಹಾಗೆ ಆಗುತ್ತದೆ. ಅನುಮಾನ ಇದ್ದರೆ ಪಿಎಫ್ ನೋಡಿಕೊಳ್ಳುವ ಇಪಿಎಫ್‌ಒ ಸೈಟಿಗೆ ಹೋಗಿ ನಿಮ್ಮ ಯುಎಎನ್ (ಪಿಎಫ್‌ನ ಕಾಯಂ ನಂಬರ್) ಪಾಸ್‌ಬುಕ್ ತೆಗೆಯಿರಿ. ನಿಮ್ಮ ಪಿಎಫ್ ಯಾರು ಕಟ್ಟುತ್ತಿದ್ದಾರೋ ಅವರ ಹೆಸರು ಅಲ್ಲಿರುತ್ತದೆ.

ನೀವು ಆಫ್ ರೋಲ್‌ನಲ್ಲಿದ್ದರೆ ಮೊದಲ ಗುರಿ ಆನ್ ರೋಲ್, ಅಂದರೆ ಬ್ಯಾಂಕಿನದೇ ನೌಕರಿ. ಸಂಬಳ ಅಷ್ಟೇ ಇದ್ದರೂ ಪರವಾಗಿಲ್ಲ, ಅದೇ ಬ್ಯಾಂಕ್ ಆದರೂ ಪರವಾಗಿಲ್ಲ. ಬ್ರಾಂಚ್ ಮ್ಯಾನೇಜರ್ ಮನಸ್ಸು ಮಾಡಿದರೆ ತಮ್ಮಲ್ಲೇ ಖಾಲಿಯಿರುವ ಜಾಗಕ್ಕೆ ನಿಮ್ಮ ಹೆಸರು ಕಳಿಸಬಹುದು. ಬಾಯಿ ಬಿಟ್ಟು ಕೇಳಿ.

ಹೆಜ್ಜೆ 2: ಲೆಕ್ಕ ಹಾಕಿ

ಸರ್ಕಾರಿ ಬ್ಯಾಂಕಿನ ಕ್ಲರ್ಕ್ ಇನ್ನೊಂದು ಸರ್ಕಾರಿ ಬ್ಯಾಂಕಿಗೆ ಕ್ಲರ್ಕ್ ಆಗಿಯೇ ಹೋಗುವುದು ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಕಾರಣ ಹೇಳುತ್ತೇನೆ. ಎಲ್ಲ ಸರ್ಕಾರಿ ಬ್ಯಾಂಕುಗಳ ಕ್ಲರ್ಕ್‌ಗಳ ಪೇಸ್ಕೇಲ್ ಒಂದೇ. 2024ರ ಮಾರ್ಚ್ 8ರಂದು ಸಹಿಯಾದ 12ನೇ ದ್ವಿಪಕ್ಷೀಯ ಒಪ್ಪಂದದ (ಬ್ಯಾಂಕುಗಳಿಗೂ ನೌಕರರ ಸಂಘಗಳಿಗೂ ಆದ ಸಂಬಳದ ಒಪ್ಪಂದ) ಪ್ರಕಾರ ಮೂಲ ವೇತನ 24,050ರಿಂದ ಶುರುವಾಗಿ 64,480ರವರೆಗೆ ಹೋಗುತ್ತದೆ. ಇದು 2022ರ ನವೆಂಬರ್ 1ರಿಂದಲೇ ಜಾರಿ. ಕೆನರಾ ಆದರೂ ಅದೇ, ಯೂನಿಯನ್ ಬ್ಯಾಂಕ್ ಆದರೂ ಅದೇ. ಹೊಸ ಕಡೆ ಹೋದರೆ ನೀವು ಹೊಸಬರು. ಸೀನಿಯಾರಿಟಿ ಸೊನ್ನೆ. ಪಡೆದ ಇಂಕ್ರಿಮೆಂಟ್ ಸಾಮಾನ್ಯವಾಗಿ ಹಿಂದೆ ಬರುವುದಿಲ್ಲ, ಪ್ರೊಬೇಷನ್ ಮತ್ತೆ ಮೊದಲಿಂದ. ಮೂರು ವರ್ಷ ಸೇವೆ ಮಾಡಿದವರು ಇದನ್ನೆಲ್ಲ ಬಿಟ್ಟು ಏನು ಪಡೆದರು?

ಹಾಗಾದರೆ ಯಾರೂ ಹೋಗಬಾರದಾ? ಹೋಗಬಹುದು, ಎರಡು ಕಾರಣಕ್ಕೆ. ಒಂದು, ಊರು. ಮದ್ದೂರಿನಲ್ಲಿ ಮನೆ, ವಯಸ್ಸಾದ ಅಪ್ಪ ಅಮ್ಮ, ಪೋಸ್ಟಿಂಗ್ ರಾಯಚೂರಿನಲ್ಲಿ. ಟ್ರಾನ್ಸ್‌ಫರ್ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ಈ ಕಷ್ಟ ನಿಜ. ಆದರೆ ಹೊಸ ಬ್ಯಾಂಕು ಮಂಡ್ಯ ಜಿಲ್ಲೆಯಲ್ಲೇ ಹಾಕುತ್ತದೆ ಅನ್ನುವ ಖಾತ್ರಿ ಯಾರೂ ಕೊಡುವುದಿಲ್ಲ, ಅದು ನೆನಪಿರಲಿ. ಇನ್ನೊಂದು, ಎಸ್‌ಬಿಐ. ಅಲ್ಲಿ ಕ್ಲರ್ಕ್ ಹುದ್ದೆಯಾದ ಜೂನಿಯರ್ ಅಸೋಸಿಯೇಟ್‌ಗೆ ಪದವೀಧರರ 2 ಇಂಕ್ರಿಮೆಂಟ್ ಸೇರಿ ಶುರುವಿನ ಮೂಲ ವೇತನ 26,730. ಆದರೆ ಸೇರಿದ ಮೇಲೆ ಬೇರೆ ರಾಜ್ಯಕ್ಕೆ ವರ್ಗಾವಣೆ ಇಲ್ಲ ಅಂತ ಅಧಿಸೂಚನೆಯಲ್ಲೇ ಹಾಕಿರುತ್ತಾರೆ. ಮದುವೆಯಾಗಿ ಚೆನ್ನೈಗೋ ಪುಣೆಗೋ ಹೋಗುವ ಯೋಚನೆ ಇರುವವರು ಇದನ್ನು ಓದಿಕೊಂಡೇ ಅರ್ಜಿ ಹಾಕಬೇಕು.

ಇದೆರಡೂ ಅಲ್ಲದಿದ್ದರೆ ಅದೇ ಓದನ್ನು ಪಿಒ (ಪ್ರೊಬೇಷನರಿ ಆಫೀಸರ್) ಪರೀಕ್ಷೆಗೆ ಇಡಿ. ಮೊದಲ ಹಂತದ ಅಧಿಕಾರಿಯ ಮೂಲ ವೇತನ 48,480ರಿಂದ ಶುರು, ಅಂದರೆ ಕ್ಲರ್ಕ್‌ನ ಎರಡರಷ್ಟು. ದೇಶದ ಯಾವ ಮೂಲೆಗೆ ಬೇಕಾದರೂ ಹಾಕುತ್ತಾರೆ, ಅದಕ್ಕೆ ತಯಾರಿರಬೇಕು. ಊರು ಬಿಡಲು ಆಗಲ್ಲ ಅನ್ನುವವರು ಜೆಎಐಐಬಿ (ಬ್ಯಾಂಕ್ ನೌಕರರಿಗಾಗಿ ಐಐಬಿಎಫ್ ಸಂಸ್ಥೆ ನಡೆಸುವ ಪರೀಕ್ಷೆ) ಬರೆದು ಅದರ ಇಂಕ್ರಿಮೆಂಟ್ ತೆಗೆದುಕೊಂಡು, ಒಳಗಿನ ಪ್ರಮೋಷನ್‌ಗೆ ಕಾಯುವುದೇ ಲೇಸು. ಮುಂದೆ ಬ್ಯಾಂಕ್ ಬಿಟ್ಟರೂ ಆ ಸರ್ಟಿಫಿಕೇಟು ನಿಮ್ಮದೇ.

ಗ್ರಾಮೀಣ ಬ್ಯಾಂಕಿನ ವಿಷಯದಲ್ಲಿ ಒಂದು ಹಳೇ ನಂಬಿಕೆ ಇನ್ನೂ ಓಡಾಡುತ್ತಿದೆ: "ಅಲ್ಲಿ ಸೇರಿದರೆ ಪಕ್ಕದ ಊರಲ್ಲೇ ಇರಬಹುದು." ಮೈಸೂರಿನಲ್ಲೇ ಕೇಂದ್ರ ಕಚೇರಿ ಇದ್ದ ಕಾವೇರಿ ಗ್ರಾಮೀಣ ಬ್ಯಾಂಕ್ ಕಾಲದ ಮಾತು ಅದು. ಆ ಬ್ಯಾಂಕು 2019ರಲ್ಲಿ ಪ್ರಗತಿ ಕೃಷ್ಣಾ ಜೊತೆ ಸೇರಿತು. 2025ರ ಮೇ 1ರಿಂದ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಒಳಗೆ ಬಂದು, ಈಗ ಇಡೀ ರಾಜ್ಯಕ್ಕೆ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕ್, ಕೇಂದ್ರ ಕಚೇರಿ ಬಳ್ಳಾರಿ. ನಾಗಮಂಗಲವೂ ಅದೇ ಬ್ಯಾಂಕು, ಬೀದರ್ ಕೂಡ ಅದೇ.

ಖಾಸಗಿಯಿಂದ ಖಾಸಗಿಗೆ ಹೋಗುವವರು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಟಾರ್ಗೆಟ್ ಸೀಟಿನಿಂದ ಟಾರ್ಗೆಟ್ ಸೀಟಿಗೇ ಹೋಗುತ್ತಿದ್ದೇನಾ? ಎರಡು ಮೂರು ಸಾವಿರ ಜಾಸ್ತಿ ಸಿಗುತ್ತದೆ ಅಂತ ಹೋದರೆ ಮೂರನೇ ತಿಂಗಳಿಗೆ ಅದೇ ಮ್ಯಾನೇಜರ್, ಅದೇ ಬೈಗುಳ, ಬಣ್ಣ ಮಾತ್ರ ಬೇರೆ. ಸೇಲ್ಸ್‌ನಿಂದ ಟೆಲ್ಲರ್ ಅಥವಾ ಬ್ರಾಂಚ್ ಆಪರೇಷನ್ಸ್‌ಗೆ ಹೋಗಲು ಆಗುವುದಾದರೆ ಸಂಬಳ ಸ್ವಲ್ಪ ಕಡಿಮೆಯಾದರೂ ಹೋಗಿ ಅಂತಲೇ ನಾನು ಹೇಳುವುದು.

ಹೆಜ್ಜೆ 3: ಪರೀಕ್ಷೆಯ ದಾರಿ

ಸರ್ಕಾರಿ ಬ್ಯಾಂಕುಗಳ ಪರವಾಗಿ ಪರೀಕ್ಷೆ ನಡೆಸುವ ಐಬಿಪಿಎಸ್ ಕ್ಲರ್ಕ್ ಹುದ್ದೆಯನ್ನು ಈಗ ಕಸ್ಟಮರ್ ಸರ್ವಿಸ್ ಅಸೋಸಿಯೇಟ್ ಅಂತ ಕರೆಯುತ್ತಾರೆ. ವಯಸ್ಸು 20ರಿಂದ 28. ಇಂಟರ್‌ವ್ಯೂ ಇಲ್ಲ, ಮೇನ್ಸ್ ಅಂಕವೇ ಎಲ್ಲ. ಪ್ರಿಲಿಮ್ಸ್ ಬರೀ ಬಾಗಿಲು, ಅದರ ಅಂಕ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಒಂದು ಗಂಟೆಯಲ್ಲಿ 100 ಪ್ರಶ್ನೆ, ಮೂರು ಭಾಗಕ್ಕೂ ತಲಾ 20 ನಿಮಿಷ. ಇಂಗ್ಲಿಷ್ ಬಿಟ್ಟು ಉಳಿದ ಭಾಗಗಳ ಪ್ರಶ್ನೆಪತ್ರಿಕೆಯನ್ನು ಕನ್ನಡದಲ್ಲೂ ತೆಗೆದುಕೊಳ್ಳಬಹುದು. ಗ್ರಾಮೀಣ ಬ್ಯಾಂಕಿನ ಆಫೀಸ್ ಅಸಿಸ್ಟೆಂಟ್ ಪ್ರಿಲಿಮ್ಸ್‌ನಲ್ಲಿ ಇಂಗ್ಲಿಷ್ ಭಾಗವೇ ಇಲ್ಲ, ರೀಸನಿಂಗ್ ಮತ್ತು ಲೆಕ್ಕ ಮಾತ್ರ. ಇಂಗ್ಲಿಷ್ ಅಂದರೆ ಕೈಕಾಲು ನಡುಗುವವರು ಅಲ್ಲಿಂದ ಶುರು ಮಾಡಿ.

ನಮ್ಮ ಕಡೆ ಒಳ್ಳೆ ಅಂಕ ತೆಗೆದವರೂ ಎಡವುವುದು ಕಾಗದದಲ್ಲಿ. 2ಎ, 3ಎ, 3ಬಿ ಅನ್ನುವುದು ರಾಜ್ಯದ ಲೆಕ್ಕ. ಬ್ಯಾಂಕ್ ಪರೀಕ್ಷೆಗೆ ಅದು ನಡೆಯುವುದಿಲ್ಲ. ಕೇಂದ್ರದ ಪಟ್ಟಿಯಲ್ಲಿ ನಿಮ್ಮ ಜಾತಿ ಇದೆಯಾ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರ ಅಲ್ಲ ಅನ್ನುವ ಒಬಿಸಿ ಸರ್ಟಿಫಿಕೇಟ್ ಮಾಡಿಸಿ. ಅಧಿಸೂಚನೆಯಲ್ಲಿ ಅದಕ್ಕೆ ತಾರೀಖಿನ ಷರತ್ತು ಇರುತ್ತದೆ. ಕಡೇ ವಾರದಲ್ಲಿ ನಾಡಕಚೇರಿ ಮುಂದೆ ನಿಂತರೆ ಆಗುವ ಕೆಲಸ ಅಲ್ಲ. ಇನ್ನೊಂದು, ಸ್ಥಳೀಯ ಭಾಷೆ. ಹತ್ತನೇ ಕ್ಲಾಸಿನ ಅಂಕಪಟ್ಟಿಯಲ್ಲಿ ಕನ್ನಡ ಒಂದು ವಿಷಯವಾಗಿ ಇದ್ದರೆ ಸಾಮಾನ್ಯವಾಗಿ ಬೇರೆ ಪರೀಕ್ಷೆ ಮಾಡುವುದಿಲ್ಲ. ಮೈಸೂರಿನಲ್ಲಿ ಸಂಸ್ಕೃತ, ಹಿಂದಿ ತೆಗೆದುಕೊಂಡು ಓದಿದ ಮಕ್ಕಳು ಬಹಳ. ಮನೆಯಲ್ಲಿ ಕನ್ನಡ ಬಿಟ್ಟು ಬೇರೆ ಆಡದವರಿಗೂ ಕನ್ನಡ ಓದಿಸಿ, ಬರೆಸಿ ನೋಡುತ್ತಾರೆ. ಕೋಪ ಮಾಡಿಕೊಳ್ಳದೆ ಒಂದು ಪತ್ರ ಬರೆಯುವುದು ಅಭ್ಯಾಸ ಮಾಡಿ.

ದುಡ್ಡು ತಗೊಂಡು ಬ್ಯಾಂಕ್ ಕೆಲಸ ಕೊಡಿಸುವವರ ಬಗ್ಗೆ ಒಂದೇ ಮಾತು: ಫೋನ್ ಇಡಿ.

ಹೆಜ್ಜೆ 4: ಖಾಸಗಿ ಇಂಟರ್‌ವ್ಯೂ

ಇಲ್ಲಿ ಕೇಳುವುದು ನಿಮ್ಮ ನಂಬರು. ತಿಂಗಳಿಗೆ ಎಷ್ಟು ಕಾಸಾ (ಕರೆಂಟ್ ಮತ್ತು ಉಳಿತಾಯ) ಖಾತೆ, ಎಷ್ಟು ಬ್ಯಾಲೆನ್ಸು, ಇನ್ಶೂರೆನ್ಸ್ ಎಷ್ಟು. ಕಳೆದ ಆರು ತಿಂಗಳದ್ದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಉಬ್ಬಿಸಿ ಹೇಳಬೇಡಿ. ಮೈಸೂರು ದೊಡ್ಡ ಊರಲ್ಲ, ದೇವರಾಜ ಅರಸು ರಸ್ತೆಯ ಮ್ಯಾನೇಜರಿಗೆ ಕುವೆಂಪುನಗರದ ಮ್ಯಾನೇಜರ್ ಹಳೇ ಸಹೋದ್ಯೋಗಿ ಆಗಿರುತ್ತಾರೆ.

ಆಮೇಲೆ ಬರುತ್ತದೆ ಕಷ್ಟದ ಪ್ರಶ್ನೆ: "ನಿಮ್ಮ ಕಸ್ಟಮರ್‌ಗಳನ್ನ ಕರ್ಕೊಂಡು ಬರ್ತೀರಾ?" ಮಂಡ್ಯ ಕಡೆ ಇದು ನಡೆಯುವ ವಿಷಯವೇ. ಬೆಲ್ಲದ ವ್ಯಾಪಾರಿಗೆ ಬ್ಯಾಂಕಿನ ಹೆಸರಿಗಿಂತ ನಿಮ್ಮ ಮುಖ ಪರಿಚಯ. ನೀವು ಎಲ್ಲಿ ಹೋದರೂ ಹುಡುಕಿಕೊಂಡು ಬರುತ್ತಾರೆ. ಅವರಾಗಿ ಬಂದರೆ ಬರಲಿ. ಆದರೆ ಹಳೇ ಬ್ಯಾಂಕಿನ ಗ್ರಾಹಕರ ಪಟ್ಟಿ, ಎಫ್‌ಡಿ ಮುಗಿಯುವ ತಾರೀಖು, ಫೋನ್ ನಂಬರ್ ಫೋಟೋ ಹೊಡೆದುಕೊಂಡು ಹೋಗುವುದು ಬೇರೆ ವಿಷಯ. ಅದು ಗ್ರಾಹಕರ ಗುಟ್ಟನ್ನು ಹೊರಗೆ ಹಾಕಿದ ಹಾಗೆ, ಕೇಸು ಆಗಬಹುದಾದ ತಪ್ಪು. "ಪಟ್ಟಿ ತರುವುದಿಲ್ಲ, ಊರಲ್ಲಿ ನನಗೆ ಹೆಸರಿದೆ, ಹೊಸದಾಗಿ ಖಾತೆ ತರುತ್ತೇನೆ" ಅಂತ ಹೇಳಿ. ಅಷ್ಟಕ್ಕೆ ಬೇಡ ಅನ್ನುವ ಬ್ಯಾಂಕು ನಿಮಗೂ ಬೇಡ.

ಆಫರ್ ಬಂದಾಗ ಸಿಟಿಸಿ (ವರ್ಷಕ್ಕೆ ನಿಮ್ಮ ಮೇಲೆ ಬ್ಯಾಂಕು ಮಾಡುವ ಒಟ್ಟು ಖರ್ಚು) ನೋಡಿ ಹಿಗ್ಗಬೇಡಿ. ವರ್ಷಕ್ಕೆ 3 ಲಕ್ಷ ಅಂದರೆ ತಿಂಗಳಿಗೆ 25 ಸಾವಿರ ಕೈಗೆ ಅಂತ ಅಲ್ಲ. ಬ್ಯಾಂಕು ಕಟ್ಟುವ ಪಿಎಫ್, ಗ್ರಾಚ್ಯುಟಿ, ಇನ್ಸೆಂಟಿವ್ ಎಲ್ಲ ಅದರೊಳಗೇ ತುರುಕಿರುತ್ತಾರೆ. "ಇನ್ಸೆಂಟಿವ್ ಬಿಟ್ಟು ತಿಂಗಳಿಗೆ ಖಾತೆಗೆ ಎಷ್ಟು ಬೀಳುತ್ತದೆ" ಅಂತ ನೇರವಾಗಿ ಕೇಳಿ, ಬರವಣಿಗೆಯಲ್ಲಿ ತಗೊಳ್ಳಿ. ಆನ್ ರೋಲ್ ಹೌದಾ ಅಲ್ವಾ ಅನ್ನುವುದನ್ನೂ.

ಹೆಜ್ಜೆ 5: ಎನ್‌ಒಸಿ, ಬಾಂಡ್, ಸಿಬಿಲ್

ಸರ್ಕಾರಿ ಅಥವಾ ಗ್ರಾಮೀಣ ಬ್ಯಾಂಕಿನಲ್ಲಿ ಇರುವವರು ಹೊರಗಿನ ಪರೀಕ್ಷೆಗೆ ಅರ್ಜಿ ಹಾಕಿದ ಕೂಡಲೇ ಬ್ರಾಂಚ್ ಮೂಲಕ ರೀಜನಲ್ ಆಫೀಸಿಗೆ ಒಂದು ತಿಳುವಳಿಕೆ ಪತ್ರ ಕೊಡಿ. ಕಾಪಿ ಮೇಲೆ ಇನ್‌ವರ್ಡ್ ಸೀಲು ಹಾಕಿಸಿ ಇಟ್ಟುಕೊಳ್ಳಿ. ರಿಸಲ್ಟ್ ಬಂದ ಮೇಲೆ ಎನ್‌ಒಸಿಗೆ (ಬೇರೆ ಕಡೆ ಹೋಗಲು ಬ್ಯಾಂಕಿನ ಅಭ್ಯಂತರ ಇಲ್ಲ ಅನ್ನುವ ಪತ್ರ) ಓಡಾಡುವವರ ಪಾಡು ನೋಡಲಾಗುವುದಿಲ್ಲ. ಕೆಲವರು ಈಗಿನ ಕೆಲಸವನ್ನೇ ಅರ್ಜಿಯಲ್ಲಿ ಮುಚ್ಚಿಡುತ್ತಾರೆ. ಪಿಎಫ್, ಟಿಡಿಎಸ್, ಎನ್‌ಪಿಎಸ್ (ಪಿಂಚಣಿ ಖಾತೆ) ಎಲ್ಲ ಪ್ಯಾನ್, ಆಧಾರ್‌ಗೆ ಅಂಟಿಕೊಂಡಿರುವಾಗ ಏನು ಮುಚ್ಚಿಡುತ್ತೀರಿ?

ಅಪಾಯಿಂಟ್‌ಮೆಂಟ್ ಲೆಟರ್‌ನಲ್ಲಿ ಬಾಂಡ್, ಅಂದರೆ ಇಷ್ಟು ವರ್ಷ ಮುಗಿಯುವ ಮುಂಚೆ ಬಿಟ್ಟರೆ ಇಷ್ಟು ದುಡ್ಡು ಕಟ್ಟಬೇಕು ಅನ್ನುವ ಷರತ್ತು, ಇದೆಯಾ ನೋಡಿ. ಇಂಥ ಬಾಂಡು ಕೋರ್ಟಿನಲ್ಲಿ ನಿಲ್ಲಲ್ಲ ಅಂತ ಸ್ನೇಹಿತರು ಧೈರ್ಯ ಹೇಳುತ್ತಾರೆ. ನಿಂತಿದೆ. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಮುಗಿಯುವ ಮುಂಚೆ 2009ರಲ್ಲಿ ರಾಜೀನಾಮೆ ಕೊಟ್ಟು ಐಡಿಬಿಐ ಬ್ಯಾಂಕಿಗೆ ಹೋದರು. ಷರತ್ತಿನಂತೆ 2 ಲಕ್ಷ ಕಟ್ಟಬೇಕಾಯಿತು. ಕಟ್ಟಿ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟಿನಲ್ಲಿ ಗೆದ್ದರು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಬ್ಯಾಂಕಿನ ಷರತ್ತೇ ಸರಿ ಅಂದಿತು. ಸರ್ಕಾರಿ ಬ್ಯಾಂಕು ದೇಶಕ್ಕೆಲ್ಲ ಜಾಹೀರಾತು ಕೊಟ್ಟು ಪರೀಕ್ಷೆ ನಡೆಸಿ ಆಳು ತೆಗೆದುಕೊಳ್ಳಬೇಕು, ನಡುವೆ ಬಿಟ್ಟು ಹೋದರೆ ಆ ಖರ್ಚು ನಷ್ಟ ಅನ್ನುವುದು ಅಲ್ಲಿನ ವಾದ. ಹಾಗಾಗಿ ಬಾಂಡ್ ಮೊತ್ತವನ್ನು ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡೇ ತೀರ್ಮಾನ ಮಾಡಿ. ಆರು ತಿಂಗಳು ತಡೆದರೆ ಬಾಂಡ್ ಮುಗಿಯುವುದಾದರೆ, ಹೊಸ ಬ್ಯಾಂಕಿನವರನ್ನು ಸೇರುವ ತಾರೀಖು ಮುಂದೂಡಲು ಕೇಳಿ ನೋಡಿ. ಕೇಳಿದರೆ ಕಳೆದುಕೊಳ್ಳುವುದೇನಿಲ್ಲ.

ಸಿಬಿಲ್, ಅಂದರೆ ನಿಮ್ಮ ಸಾಲ ತೀರಿಸಿದ ದಾಖಲೆಯ ವಿಷಯವನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಲ, ಕ್ರೆಡಿಟ್ ಕಾರ್ಡ್ ಬಾಕಿ ಕಟ್ಟದೆ ಹೆಸರು ಕೆಟ್ಟಿರುವವರು ಅರ್ಹರಲ್ಲ ಅಂತ ಎಸ್‌ಬಿಐ ಅಧಿಸೂಚನೆಯಲ್ಲೇ ಇರುತ್ತದೆ, ಐಬಿಪಿಎಸ್ ಕೂಡ ಒಳ್ಳೆಯ ಕ್ರೆಡಿಟ್ ಹಿಸ್ಟರಿ ಇರಬೇಕು ಅನ್ನುತ್ತದೆ. ಪ್ರತಿ ಕ್ರೆಡಿಟ್ ಬ್ಯೂರೋ ವರ್ಷಕ್ಕೊಂದು ಪೂರ್ತಿ ರಿಪೋರ್ಟ್ ಉಚಿತವಾಗಿ ಕೊಡಬೇಕು. ಈಗಲೇ ತೆಗೆದು ನೋಡಿ. ಯಾವತ್ತೋ ಮೊಬೈಲ್ ಕೊಳ್ಳಲು ಮಾಡಿದ ಸಾಲದಲ್ಲಿ ನಾನೂರು ರೂಪಾಯಿ ಉಳಿದುಕೊಂಡು ಓವರ್‌ಡ್ಯೂ ಅಂತ ತೋರಿಸುತ್ತಿರಬಹುದು. ಗೆಳೆಯನ ಬೈಕ್ ಸಾಲಕ್ಕೆ ಜಾಮೀನು ಹಾಕಿದ್ದೂ ಅಲ್ಲೇ ಕಾಣುತ್ತದೆ. ಬಾಕಿ ಕಟ್ಟಿ ನೋ ಡ್ಯೂ ಸರ್ಟಿಫಿಕೇಟ್ ತೆಗೆದುಕೊಳ್ಳಿ.

ಹೆಜ್ಜೆ 6: ರಾಜೀನಾಮೆ ಮತ್ತು ಚಾರ್ಜ್ ಕೊಡುವುದು

ಕೈಗೆ ಅಪಾಯಿಂಟ್‌ಮೆಂಟ್ ಲೆಟರ್ ಬರುವ ತನಕ ರಾಜೀನಾಮೆ ಬೇಡ. ಪ್ರೊವಿಷನಲ್ ಅಲಾಟ್‌ಮೆಂಟ್ (ಪರೀಕ್ಷೆಯ ನಂತರ ತಾತ್ಕಾಲಿಕವಾಗಿ ಬ್ಯಾಂಕು ಹಂಚುವುದು) ಅಂದರೆ ಕೆಲಸ ಸಿಕ್ಕಿತು ಅಂತ ಅಲ್ಲ, ಎಚ್‌ಆರ್ ಫೋನಿನಲ್ಲಿ "ಸೆಲೆಕ್ಟ್ ಆಗಿದ್ದೀರಿ" ಅಂದರೂ ಅಲ್ಲ. ನೋಟಿಸ್ ಪೀರಿಯಡ್ ನಿಮ್ಮ ಲೆಟರ್‌ನಲ್ಲೇ ಇರುತ್ತದೆ. ಸರ್ಕಾರಿ ಬ್ಯಾಂಕಿನ ಕಾಯಂ ಕ್ಲರ್ಕ್‌ಗೆ ಸಾಮಾನ್ಯವಾಗಿ ಒಂದು ತಿಂಗಳು, ಅಧಿಕಾರಿಗೆ ಮೂರು. ಖಾಸಗಿಯಲ್ಲಿ ಒಬ್ಬೊಬ್ಬರದು ಒಂದೊಂದು. ರಾಜೀನಾಮೆಯಲ್ಲಿ ಕಾರಣದ ಪುರಾಣ ಬೇಡ. ಯಾವ ತಾರೀಖಿನಿಂದ ಬಿಡುಗಡೆ ಬೇಕು ಅಂತ ಸ್ಪಷ್ಟವಾಗಿ ಬರೆಯಿರಿ, ಅಷ್ಟೇ. ಆಫೀಸ್ ಮೇಲ್‌ನಿಂದ ಕಳಿಸುವಾಗ ನಿಮ್ಮ ಸ್ವಂತ ಮೇಲ್‌ಗೂ ಒಂದು ಪ್ರತಿ ಹಾಕಿ. ಕೊನೆಯ ದಿನ ಸಂಜೆ ಲಾಗಿನ್ ಬಂದ್ ಆಗುತ್ತದೆ. ಸ್ಯಾಲರಿ ಸ್ಲಿಪ್‌ಗಳು, ಇಂಕ್ರಿಮೆಂಟ್ ಲೆಟರ್, ತೆರಿಗೆ ಸರ್ಟಿಫಿಕೇಟ್ ಎಲ್ಲ ಅದಕ್ಕೆ ಮುಂಚೆಯೇ ಇಳಿಸಿಕೊಳ್ಳಿ. ಆಮೇಲೆ ಕೇಳಿದರೆ ಕೊಡುತ್ತಾರೆ, ಆದರೆ ಅಲೆಸುತ್ತಾರೆ.

ಚಾರ್ಜ್ ಕೊಡುವುದನ್ನು, ಅಂದರೆ ನಿಮ್ಮ ಜವಾಬ್ದಾರಿಯನ್ನು ಮುಂದಿನವರಿಗೆ ಒಪ್ಪಿಸುವುದನ್ನು, ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಕಡೆ ಬ್ರಾಂಚುಗಳಲ್ಲಿ ಒಡವೆ ಸಾಲ ಜಾಸ್ತಿ. ಸೇಫ್‌ನ ಒಂದು ಕೀ ನಿಮ್ಮ ಹತ್ತಿರ ಇದ್ದರೆ ಜಾಯಿಂಟ್ ಕಸ್ಟಡಿಯಲ್ಲಿ, ಅಂದರೆ ಜಂಟಿ ಜವಾಬ್ದಾರಿಯಲ್ಲಿ, ನೀವೂ ಒಬ್ಬರು. ಹೋಗುವ ಮುಂಚೆ ಪಾಕೀಟುಗಳನ್ನು ಒಂದೊಂದಾಗಿ ತೆಗೆಸಿ: ಸಾಲದ ನಂಬರು, ಹೆಸರು, ತೂಕ, ಅಪ್ರೈಸರ್ (ಚಿನ್ನ ಪರೀಕ್ಷಿಸುವವರು) ಸಹಿ, ಸೀಲು ಹರಿದಿಲ್ಲ ಅನ್ನುವುದು, ಎಲ್ಲವನ್ನೂ ರಿಜಿಸ್ಟರ್ ಜೊತೆ ತಾಳೆ ನೋಡಿ. ಪಕ್ಕದಲ್ಲಿ ಹೊಸಬರು ನಿಂತು ಎಣಿಸಬೇಕು, ಇಬ್ಬರೂ ಸಹಿ ಹಾಕಬೇಕು. ಆ ಪುಟದ ವಿವರ ನಿಮ್ಮ ಚಾರ್ಜ್ ಪಟ್ಟಿಯಲ್ಲಿ ಬರಲಿ. "ಏ ಬಿಡಮ್ಮ, ನಮ್ಮವರೇ ತಾನೇ" ಅಂತ ಮ್ಯಾನೇಜರ್ ಅಂದರೂ ಬಿಡಬೇಡಿ. ವರ್ಷ ಕಳೆದು ಆಡಿಟ್‌ನಲ್ಲಿ ಒಂದು ಪಾಕೀಟಿನ ತೂಕ ವ್ಯತ್ಯಾಸ ಬಂದರೆ ಫೋನ್ ಬರುವುದು ನಿಮಗೆ.

ಕ್ಯಾಶ್ ಕೌಂಟರ್ ಬ್ಯಾಲೆನ್ಸ್, ಎಟಿಎಂ ಕೀ, ಲಾಕರ್ ರೂಮಿನ ಕೀ, ಸೀಲುಗಳು, ಗ್ರಾಹಕರು ತೆಗೆದುಕೊಂಡು ಹೋಗದ ಚೆಕ್‌ಬುಕ್, ಎಟಿಎಂ ಕಾರ್ಡ್, ಇವನ್ನೂ ಪಟ್ಟಿಯಲ್ಲಿ ಬರೆದು ಒಪ್ಪಿಸಿ. ಯೂಸರ್ ಐಡಿ ನಿಷ್ಕ್ರಿಯ ಮಾಡಿಸಿ ಹೋಗಿ. ನಿಮ್ಮ ಹೆಸರಿನ ಐಡಿಯಲ್ಲಿ ನೀವಿಲ್ಲದ ದಿನ ಎಂಟ್ರಿ ಬೀಳಬಾರದು. ಕೊನೆಗೆ ಬೇಕಾದದ್ದು ರಿಲೀವಿಂಗ್ ಲೆಟರ್. ಇದಿಲ್ಲದೆ ಹೊಸ ಕಡೆ ಸೇರಿಸಿಕೊಳ್ಳುವುದಿಲ್ಲ, ಸೇರಿಸಿಕೊಂಡರೂ ತೊಡಕು.

ಹೆಜ್ಜೆ 7: ದುಡ್ಡಿನ ಎಳೆಗಳು

ಸ್ಟಾಫ್ ಸಾಲ ಇದ್ದರೆ ಅದನ್ನೇ ಮೊದಲು ನೋಡಿ. ಕಡಿಮೆ ಬಡ್ಡಿ ಸಿಬ್ಬಂದಿ ಆಗಿರುವ ತನಕ ಮಾತ್ರ. ಬಿಟ್ಟ ಮೇಲೆ ತೀರಿಸಬೇಕು, ಇಲ್ಲವೇ ಸಾರ್ವಜನಿಕರ ಬಡ್ಡಿ ದರಕ್ಕೆ ಬದಲಾಗುತ್ತದೆ. ಹಬ್ಬದ ಅಡ್ವಾನ್ಸ್ ಉಳಿಕೆ ಕೊನೆಯ ಸಂಬಳದಲ್ಲೇ ಮುರಿಯುತ್ತಾರೆ. ಮನೆ ಕಟ್ಟಲು ಸಾಲ ತೆಗೆದು ಅರ್ಧ ಗೋಡೆ ಎದ್ದಿರುವಾಗ ಬ್ಯಾಂಕ್ ಬದಲಾಯಿಸುವ ಸಾಹಸ ಬೇಡ.

ಸರ್ಕಾರಿ ಬ್ಯಾಂಕಿನಿಂದ ಸರ್ಕಾರಿ ಬ್ಯಾಂಕಿಗೆ ಹೋದರೆ ಎನ್‌ಪಿಎಸ್‌ನ ಪ್ರಾನ್ ನಂಬರ್ ಅದೇ, ಹೊಸ ಬ್ಯಾಂಕಿಗೆ ಜೋಡಿಸಬೇಕು ಅಷ್ಟೇ. ಇನ್ನೊಂದು ಪ್ರಾನ್ ಮಾಡಿಸಬೇಡಿ. ಖಾಸಗಿಯಿಂದ ಖಾಸಗಿಗೆ ಆದರೆ ಯುಎಎನ್ ಅದೇ ಕೊಟ್ಟು ಹಳೇ ಪಿಎಫ್ ಅನ್ನು ಆನ್‌ಲೈನ್‌ನಲ್ಲಿ ವರ್ಗಾಯಿಸಿ. ಐದು ವರ್ಷ ಸೇವೆ ಆಗದೆ ಪಿಎಫ್ ತೆಗೆದರೆ ತೆರಿಗೆ ಬೀಳಬಹುದು, ವರ್ಗಾಯಿಸಿದರೆ ಹಳೇ ಸೇವೆಯೂ ಲೆಕ್ಕಕ್ಕೆ ಸೇರುತ್ತದೆ. ಗ್ರಾಚ್ಯುಟಿಗೆ ಮಾತ್ರ ಆ ಅನುಕೂಲ ಇಲ್ಲ. ಕಾಯಂ ನೌಕರರಿಗೆ ಒಂದೇ ಕಡೆ ಸತತ ಐದು ವರ್ಷ ಬೇಕು. ನಾಲ್ಕು ವರ್ಷ ದಾಟಿದವರು ಇದನ್ನು ನೋಡಿಕೊಂಡು ತಾರೀಖು ಇಟ್ಟುಕೊಳ್ಳಿ.

ಬ್ಯಾಂಕಿನ ಗುಂಪು ಆರೋಗ್ಯ ವಿಮೆ ಕೆಲಸದ ಜೊತೆಗೇ ಮುಗಿಯುತ್ತದೆ. ಅಪ್ಪ ಅಮ್ಮನಿಗೆ ಅದೇ ಆಸರೆ ಆಗಿದ್ದರೆ, ಹೊಸ ಕಡೆ ಅವರು ಸೇರುವ ತನಕ ಏನು ವ್ಯವಸ್ಥೆ ಅಂತ ಮುಂಚೆಯೇ ಯೋಚಿಸಿ. ಹಳೇ ಸ್ಯಾಲರಿ ಅಕೌಂಟ್ ಕೆಲವು ತಿಂಗಳಲ್ಲಿ ಮಾಮೂಲಿ ಉಳಿತಾಯ ಖಾತೆ ಆಗಿ ಕನಿಷ್ಠ ಬ್ಯಾಲೆನ್ಸ್ ಕೇಳಲು ಶುರು ಮಾಡಬಹುದು. ಇಎಂಐ, ಎಲ್‌ಐಸಿ ಯಾವುದಾದರೂ ಅಲ್ಲಿಂದ ಹೋಗುತ್ತಿದ್ದರೆ ಮೊದಲು ಬದಲಾಯಿಸಿ.

ಹೆಜ್ಜೆ 8: ಸೇರಿದ ಮೇಲೆ

ವರ್ಷದ ನಡುವೆ ಸೇರಿದರೆ ಹಳೇ ಸಂಬಳ ಮತ್ತು ಟಿಡಿಎಸ್ ವಿವರವನ್ನು ಹೊಸ ಬ್ಯಾಂಕಿಗೆ ಕೊಡಿ. ಕೊಡದಿದ್ದರೆ ಇಬ್ಬರೂ ತಮ್ಮ ತಮ್ಮ ಲೆಕ್ಕದಲ್ಲಿ ವಿನಾಯಿತಿ ಕೊಟ್ಟು ಕಡಿಮೆ ತೆರಿಗೆ ಮುರಿಯುತ್ತಾರೆ, ರಿಟರ್ನ್ ಹಾಕುವಾಗ ಒಟ್ಟಿಗೆ ಕಟ್ಟಬೇಕಾಗುತ್ತದೆ. ನಾಮಿನಿ ಫಾರಂಗಳನ್ನು ಮೊದಲ ವಾರದಲ್ಲೇ ತುಂಬಿ. ಜೆಎಐಐಬಿ ಆಗಿರುವವರು ಸರ್ಟಿಫಿಕೇಟ್ ಕಾಪಿ ಕೊಟ್ಟು ಇಂಕ್ರಿಮೆಂಟ್‌ಗೆ ಅರ್ಜಿ ಹಾಕಿ, ಕೇಳದೆ ಯಾರೂ ಹಾಕಿಕೊಡುವುದಿಲ್ಲ. ಐಐಬಿಎಫ್ ಸದಸ್ಯತ್ವದಲ್ಲಿ ಬ್ಯಾಂಕಿನ ಹೆಸರನ್ನೂ ಬದಲಾಯಿಸಿ.

ಮೊದಲ ಸ್ಯಾಲರಿ ಸ್ಲಿಪ್ ಬಂದಾಗ ಯುಎಎನ್ ಅಥವಾ ಪ್ರಾನ್ ನಂಬರ್ ಹಳೆಯದೇ ಇದೆಯಾ ನೋಡಿ. ಹಳೇ ಪಿಎಫ್ ವರ್ಗಾವಣೆ ನಿಂತುಹೋಗಿದ್ದರೆ ಬಹಳ ಸಲ ಕಾರಣ ಒಂದೇ: ಹಳೇ ಕಂಪನಿ ನೀವು ಬಿಟ್ಟ ತಾರೀಖನ್ನು ಹಾಕಿರುವುದಿಲ್ಲ. ಕೊನೆಯ ಕಂತು ಜಮೆಯಾಗಿ ಎರಡು ತಿಂಗಳು ಕಳೆದ ಮೇಲೆ ಆ ತಾರೀಖನ್ನು ನೀವೇ ಇಪಿಎಫ್‌ಒ ಸೈಟಿನಲ್ಲಿ ಹಾಕಬಹುದು. ಅದಾದ ಮೇಲೂ ಅಲ್ಲಾಡದಿದ್ದರೆ ಇಪಿಎಫ್‌ಒದ ದೂರು ಪೋರ್ಟಲ್‌ನಲ್ಲಿ ದೂರು ಹಾಕಿ, ನಂಬರ್ ಬರೆದುಕೊಂಡು ಮೈಸೂರಿನ ಪಿಎಫ್ ಕಚೇರಿಗೆ ಹೋಗಿ. ದೂರಿನ ನಂಬರ್ ಕೈಯಲ್ಲಿದ್ದರೆ ಕೌಂಟರಿನಲ್ಲಿ ಮಾತು ಬೇಗ ಮುಗಿಯುತ್ತದೆ.